ಒಗೆದ ಬಟ್ಟೆಯ ಮೇಲಿನ ಮಸಿ



ಬಟ್ಟೆ ಒಗೆದು ಒಣಗಲು ಹಾಕುತ್ತೇವೆ. ಸಂಜೆ ತೆಗೆಯಲು ಹೋದರೆ ಮೇಲೆ ಕಪ್ಪು ಪುಡಿ ಕೂತಿದೆ. ಆಗ ಏನು ಮಾಡುತ್ತೇವೆ? ಕೊಡವುತ್ತೇವೆ. ಹೋಗದಿದ್ದರೆ ಇನ್ನೊಂದು ಸಲ ಒಗೆಯುತ್ತೇವೆ. ನಾಲ್ಕು ಮಾತು ಬೈದುಕೊಳ್ಳುತ್ತೇವೆ. ಅಲ್ಲಿಗೆ ಮುಗಿಯಿತು.

ಜಪಾನ್ ದೇಶದ ಒಂದು ದೊಡ್ಡ ನಗರದಲ್ಲಿ ಹೆಂಗಸರು ಅಲ್ಲಿಗೆ ಮುಗಿಸಲಿಲ್ಲ. ಆ ಕಪ್ಪು ಪುಡಿಯ ಲೆಕ್ಕ ಬರೆದಿಟ್ಟರು. ಆ ಸಂಗತಿಯನ್ನು ನಿಮಗೆ ಹೇಳಬೇಕು. ಅದಕ್ಕೆ ಮುಂಚೆ ನಮ್ಮ ಜನ್ನಾಪುರದ ಮಾತು ಆಗಲಿ. ಯಾಕೆ ಅಂದರೆ, ಅವರ ಊರಿಗೂ ನಮ್ಮ ಊರಿಗೂ ಒಂದು ನಂಟು ಇದೆ. ಎರಡೂ ಕಬ್ಬಿಣದ ಊರುಗಳೇ.

ಕುಲುಮೆಯ ಸುತ್ತ ಬೆಳೆದ ಊರು

ಜನ್ನಾಪುರ ಭದ್ರಾವತಿಯ ಒಂದು ಬಡಾವಣೆ. ನ್ಯೂಟೌನಿಗೆ ಅಂಟಿಕೊಂಡೇ ಇದೆ. ಹೊಸಬರು ಕೇಳಿದರೆ 'ನ್ಯೂಟೌನ್ ದಾಟಿದರೆ ಜನ್ನಾಪುರ' ಅಂತಲೇ ದಾರಿ ಹೇಳುತ್ತೇವೆ. ನಮಗೊಂದು ಕೆರೆ ಇದೆ. ಹೆಸರಿನ ಕೊನೆಗೆ 'ಪುರ' ಇದೆ. ಕೆರೆ, ಪುರ ಎರಡೂ ಇದ್ದ ಮೇಲೆ ಇದು ಹಳ್ಳಿಯಾಗಿ ಹುಟ್ಟಿದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಪಟ್ಟಣ ಬೆಳೆದು ಬಂದು ಹಳ್ಳಿಯನ್ನು ಸುತ್ತಿಕೊಂಡಿತು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹಳೇ ಊರಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇದೆಯಲ್ಲ, ಆ ಊರು. ಪಕ್ಕದಲ್ಲೇ ಭದ್ರಾ ನದಿ. ನೂರು ವರ್ಷಕ್ಕೆ ಸ್ವಲ್ಪ ಹಿಂದೆ ಅಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಮೈಸೂರು ಸರ್ಕಾರ ಹೊರಟಿತು. ಕೆಲಸ ಸುರುವಾದದ್ದು 1918ರಲ್ಲಿ. ಕಬ್ಬಿಣ ಹೊರಗೆ ಬಂದದ್ದು 1923ರಲ್ಲಿ. ಬೆಂಕಿಪುರ ಅಂತ ಹೆಸರು ಮೊದಲೇ ಇತ್ತು, ಬೆಂಕಿ ಆಮೇಲೆ ಬಂತು! ನಮಗಂತೂ ಇದು ಯಾವಾಗ ನೆನೆದರೂ ಸೋಜಿಗವೇ.

ಕಬ್ಬಿಣ ತಯಾರಾಗುವುದು ಹೇಗೆ? ಕಬ್ಬಿಣದ ಅಂಶ ಇರುವ ಕಲ್ಲನ್ನು ಅದಿರು ಅನ್ನುತ್ತಾರೆ. ಅದನ್ನು ಇದ್ದಿಲಿನ ಜೊತೆ, ಸುಣ್ಣದ ಕಲ್ಲಿನ ಜೊತೆ ದೊಡ್ಡ ಕುಲುಮೆಗೆ ಹಾಕಿ, ಕೆಳಗಿನಿಂದ ಬಿಸಿಗಾಳಿ ಊದುತ್ತಾರೆ. ಅದಕ್ಕೇ ಅದು ಊದುಕುಲುಮೆ. ಒಲೆಗೆ ಊದುಗೊಳವೆಯಿಂದ ಊದುವುದಿಲ್ಲವೇ? ಅದೇ ಕೆಲಸ, ಆದರೆ ಭಾರಿ ದೊಡ್ಡದು. ಅದಿರು ಕರಗಿ, ಕಬ್ಬಿಣ ಕೆಂಪಗೆ ನೀರಿನ ಹಾಗೆ ಹರಿದು ಬರುತ್ತದೆ. ಆಗ ನಮ್ಮ ಕಾರ್ಖಾನೆಗೆ ಅದಿರು ಕೆಮ್ಮಣ್ಣುಗುಂಡಿ ಬೆಟ್ಟದಿಂದ ಬರುತ್ತಿತ್ತು. ಇದ್ದಿಲು ಮಲೆನಾಡಿನ ಕಾಡಿನ ಸೌದೆಯಿಂದ. ಎಷ್ಟು ಮರ ಉರಿದು ಹೋಗಿರಬೇಕು ಅಂತ ನೀವೇ ಯೋಚಿಸಿ.

ಈ ಕಾರ್ಖಾನೆಯ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ದುಡಿಮೆ ಇತ್ತು. ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. 1923ರಿಂದ ಕೆಲವು ವರ್ಷ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ದಿವಾನರಾಗುವುದಕ್ಕೂ ಬಹಳ ಮುಂಚೆ, 1898ರಲ್ಲಿ, ಅವರು ಜಪಾನಿಗೆ ಹೋಗಿ ಬಂದಿದ್ದರು. ಅಲ್ಲಿನ ಶಾಲೆಗಳನ್ನೂ ಕೈಗಾರಿಕೆಗಳನ್ನೂ ಕಣ್ಣಾರೆ ಕಂಡು, ನಮ್ಮಲ್ಲೂ ಹೀಗಾಗಬೇಕು ಅಂತ ಮನಸ್ಸಿಗೆ ಹಚ್ಚಿಕೊಂಡರು. ಜಪಾನಿನ ಮಾತು ನಮ್ಮ ಊರಿಗೆ ಹೊಸದಲ್ಲ ಅನ್ನುವುದು ಇದಕ್ಕೇ.

ಕಾರ್ಖಾನೆ ಬಂದ ಮೇಲೆ ಜನ ಬಂದರು. ತಮಿಳು ನಾಡಿನಿಂದ, ಆಂಧ್ರದ ಕಡೆಯಿಂದ, ಕೇರಳದಿಂದ, ಬಯಲುಸೀಮೆಯಿಂದ, ಸುತ್ತಿನ ಹಳ್ಳಿಗಳಿಂದ. ನಮ್ಮ ಸಂಜೆ ತರಗತಿಯಲ್ಲೇ ನೋಡಿ. ಒಬ್ಬರು ಮನೆಯಲ್ಲಿ ತಮಿಳು ಆಡುತ್ತಾರೆ, ಒಬ್ಬರು ತೆಲುಗು, ಒಬ್ಬರು ಉರ್ದು. ಅಕ್ಷರ ಕಲಿಯುವುದು ಮಾತ್ರ ಎಲ್ಲರೂ ಕನ್ನಡದಲ್ಲಿ. 'ಳ' ಮತ್ತು 'ಲ' ಬರೆಸುವಾಗ ನಗು ಎದ್ದೇ ಏಳುತ್ತದೆ.

1937ರಲ್ಲಿ ಕಾಗದದ ಕಾರ್ಖಾನೆಯೂ ಬಂತು. ಅದೇ ಎಂಪಿಎಂ, ಮೈಸೂರು ಪೇಪರ್ ಮಿಲ್ಸ್. ಬರೆಯುವ ಕಾಗದ, ಆಮೇಲೆ ಪತ್ರಿಕೆ ಅಚ್ಚು ಹಾಕುವ ಕಾಗದ, ಎಲ್ಲ ಇಲ್ಲಿ ಆಗುತ್ತಿತ್ತು. ಕಾಗದನಗರ ಅಂತ ಒಂದು ಬಡಾವಣೆಯೇ ಬೆಳೆಯಿತು. ನಾಡಿನ ಎಷ್ಟೋ ಜನ ಓದಿದ ಕಾಗದ ನಮ್ಮ ಊರಿನದು. ಅದೇ ಊರಿನಲ್ಲಿ ಓದಲು ಬಾರದ ಹೆಂಗಸರು ನಾವು ಇಷ್ಟು ಜನ ಉಳಿದೆವು. ಯಾರನ್ನು ಬೈಯೋಣ?

ಸೈರನ್ ನಿಂತ ಮೇಲೆ

ಪಾಳಿಯ ಸೈರನ್ ಕೂಗಿದರೆ ಗಡಿಯಾರವೇ ಬೇಡ ಅನ್ನುತ್ತಿದ್ದರು ಹಿರಿಯರು. ಅನ್ನಕ್ಕೆ ಎಸರು ಇಡುವುದು, ಮಕ್ಕಳನ್ನು ಎಬ್ಬಿಸುವುದು, ಡಬ್ಬಿ ಕಟ್ಟುವುದು, ಎಲ್ಲ ಪಾಳಿಯ ಲೆಕ್ಕದಲ್ಲಿ. ಸಂಬಳದ ದಿನ ಅಂಗಡಿಯಲ್ಲಿ ಸಾಲ ತೀರುತ್ತಿತ್ತು. ಮಾರನೇ ದಿನದಿಂದ ಹೊಸ ಸಾಲ. ಹಾಗೇ ಬದುಕು ಸಾಗುತ್ತಿತ್ತು.

ಆಮೇಲೆ ಕಾರ್ಖಾನೆಗಳ ಕಾಲ ತಿರುಗಿತು. ಕಬ್ಬಿಣದ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರು ಇಟ್ಟಿದ್ದರು. ವಿಐಎಸ್ಎಲ್ ಅಂತ ನಾವು ಕರೆಯುವುದು ಅದನ್ನೇ. 1989ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕಿನ ಸಂಸ್ಥೆ ಸೈಲ್ ಕೈಗೆ ಹೋಯಿತು. ಕಾಗದದ ಕಾರ್ಖಾನೆಯಲ್ಲಿ 2015-16ರಲ್ಲಿ ಕೆಲಸ ನಿಂತಿತು. 2023ರ ಜನವರಿಯಲ್ಲಿ ವಿಐಎಸ್ಎಲ್ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಆಗಸ್ಟಿನಲ್ಲಿ ಒಂದು ಭಾಗದ ಕೆಲಸ ಮತ್ತೆ ಸುರುವಾಯಿತು. ಆದರೆ ಹಿಂದಿನ ಆ ಗದ್ದಲ ಬರಲಿಲ್ಲ.

ಒಂದು ಲೆಕ್ಕ ಹೇಳುತ್ತೇವೆ, ನಿಧಾನವಾಗಿ ಓದಿ. 2001ರ ಜನಗಣತಿಯಲ್ಲಿ ಭದ್ರಾವತಿ ಪಟ್ಟಣದ ಜನ ಸುಮಾರು 1 ಲಕ್ಷ 60 ಸಾವಿರ. 2011ರ ಜನಗಣತಿಯಲ್ಲಿ ಸುಮಾರು 1 ಲಕ್ಷ 51 ಸಾವಿರ. ಎಲ್ಲ ಊರಿನಲ್ಲೂ ಜನ ಹೆಚ್ಚುತ್ತಾರೆ. ನಮ್ಮಲ್ಲಿ ಕಡಿಮೆಯಾದರು. ಮಕ್ಕಳು ಹುಟ್ಟಲಿಲ್ಲ ಅಂತ ಅಲ್ಲ. ಹುಟ್ಟಿದ ಮಕ್ಕಳು ಓದಿ ಬೆಂಗಳೂರಿನ ಬಸ್ಸು ಹತ್ತಿದರು.

ಉಳಿದವರು ಯಾರು? ವಯಸ್ಸಾದವರು. ಅವರನ್ನು ನೋಡಿಕೊಳ್ಳುವ ಸೊಸೆಯಂದಿರು. ಮನೆಕೆಲಸಕ್ಕೆ, ಹೊಲಿಗೆಗೆ, ಅಂಗಡಿಗೆ ಹೋಗುವ ಹೆಂಗಸರು. ಒಂದು ಕಾಲಕ್ಕೆ ಬೀದಿ ದೀಪ ಕೆಟ್ಟರೆ 'ಫ್ಯಾಕ್ಟ್ರಿಯವರಿಗೆ ಹೇಳು' ಅನ್ನುವ ಮನೆಗಳೇ ಸುತ್ತ ಇದ್ದವು. ಈಗ ಯಾರಿಗೆ ಹೇಳುವುದು, ಹೇಗೆ ಹೇಳುವುದು ಅನ್ನುವುದೇ ನಮ್ಮ ದೊಡ್ಡ ಪಾಠ. ಆ ಪಾಠಕ್ಕೆ ಜಪಾನಿನ ಹೆಂಗಸರು ಸಿಕ್ಕಿದ್ದು.

ತೊಬಾತದ ಹೆಂಗಸರು

ಜಪಾನ್ ನಮ್ಮಿಂದ ಮೂಡಲ ದಿಕ್ಕಿಗೆ, ಸಮುದ್ರದಾಚೆ ಇರುವ ದೇಶ. ದ್ವೀಪಗಳ ದೇಶ. ಅದರ ಒಂದು ದ್ವೀಪ ಕ್ಯುಶು. ಅಲ್ಲಿ ಯವಾತ ಅನ್ನುವ ಊರಿನಲ್ಲಿ 1901ರಲ್ಲಿ ಊದುಕುಲುಮೆ ಹೊತ್ತಿಸಿದರು. ನಮ್ಮ ಹಾಗೇ ಸರ್ಕಾರವೇ ಕಟ್ಟಿದ ಕಾರ್ಖಾನೆ. ಅದರ ಸುತ್ತ ಇನ್ನೂ ಹತ್ತಾರು ಕಾರ್ಖಾನೆ ಎದ್ದವು. 1963ರಲ್ಲಿ ಅಕ್ಕಪಕ್ಕದ ಐದು ಊರುಗಳನ್ನು ಸೇರಿಸಿ ಒಂದೇ ನಗರ ಮಾಡಿದರು. ಅದರ ಹೆಸರು ಕಿತಾಕ್ಯುಶು. ಆ ಐದರಲ್ಲಿ ಒಂದು ತೊಬಾತ. ಈಗ ತೊಬಾತ ಆ ದೊಡ್ಡ ನಗರದ ಒಂದು ಬಡಾವಣೆ ಇದ್ದ ಹಾಗೆ. ಆದರೆ ನಮ್ಮ ಜನ್ನಾಪುರಕ್ಕಿಂತ ಬಹಳ ದೊಡ್ಡದು.

ಅಲ್ಲಿ ಹೊಗೆಕೊಳವೆಗಳಿಂದ ಬಣ್ಣಬಣ್ಣದ ಹೊಗೆ ಏಳುತ್ತಿತ್ತು. ಜನ ಅದನ್ನು ನೋಡಿ ಹೆಮ್ಮೆಪಡುತ್ತಿದ್ದರು. ಹೊಗೆ ಎದ್ದರೆ ಊರು ಉದ್ಧಾರ ಅಂತ. ಪಕ್ಕದ ದೋಕಾಯ್ ಕೊಲ್ಲಿಗೆ, ಅಂದರೆ ಸಮುದ್ರ ನೆಲದ ಒಳಗೆ ಚಾಚಿಕೊಂಡ ಜಾಗಕ್ಕೆ, ಕಾರ್ಖಾನೆಗಳ ಕೊಳಕು ನೀರು ಬಂದು ಬೀಳುತ್ತಿತ್ತು. 1960ರ ದಶಕದ ಹೊತ್ತಿಗೆ ಅದರಲ್ಲಿ ಮೀನು ಬದುಕುತ್ತಿರಲಿಲ್ಲ. 'ಸಾವಿನ ಸಮುದ್ರ' ಅಂತ ಅದಕ್ಕೆ ಹೆಸರು ಬಿತ್ತು.

ಹೆಮ್ಮೆಪಟ್ಟವರ ಮನೆಯಲ್ಲಿ ಬಟ್ಟೆ ಒಗೆಯುವವರು ಯಾರು? ಹೆಂಗಸರು. ಕಿಟಕಿ ತೆಗೆದರೆ ಮಸಿ. ಬಟ್ಟೆ ಹಾಕಿದರೆ ಮಸಿ. ಮಕ್ಕಳಿಗೆ ಕೆಮ್ಮು, ದಮ್ಮು. ಮೊದಲು ದನಿ ಎತ್ತಿದ್ದು 1950ರ ಸುಮಾರಿಗೆ, ತೊಬಾತದ ಒಂದು ಭಾಗದ ಮಹಿಳಾ ಸಂಘ. ಕಲ್ಲಿದ್ದಲು ಸುಡುವ ಒಂದು ವಿದ್ಯುತ್ ಕೇಂದ್ರದ ಮಸಿ ಅವರ ಮನೆಗಳ ಮೇಲೆ ಬೀಳುತ್ತಿತ್ತು. ಪಟ್ಟು ಬಿಡದೆ ಕೇಳಿ, ಧೂಳು ಹಿಡಿಯುವ ಯಂತ್ರ ಹಾಕಿಸಿದರು.

ಆಮೇಲೆ 1960ರ ದಶಕದಲ್ಲಿ ಇನ್ನೊಂದು ಮಹಿಳಾ ಸಂಘ ಮುಂದೆ ಬಂತು. ಅವರು ಮಾಡಿದ ಕೆಲಸ ನಮಗೆ ಬಹಳ ಹಿಡಿಸಿತು. ಅವರು ಮೊದಲು ಕೂಗಾಡಲಿಲ್ಲ. ಲೆಕ್ಕ ಇಟ್ಟರು.

ಬಿಳಿ ಬಟ್ಟೆಗಳನ್ನು ಬೇರೆ ಬೇರೆ ಜಾಗದಲ್ಲಿ ತೂಗುಹಾಕಿದರು. ಒಂದು ಇಲ್ಲಿ, ಒಂದು ಅಲ್ಲಿ. ಎಲ್ಲಿ ಎಷ್ಟು ಕಪ್ಪಾಯಿತು ಅಂತ ಹೋಲಿಸಿ ನೋಡಿದರು. 'ನಮ್ಮ ಕಡೆ ಮಸಿ ಜಾಸ್ತಿ' ಅಂತ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಬಟ್ಟೆ ಮುಂದೆ ಹಿಡಿದರೆ ನಂಬದೆ ವಿಧಿಯಿಲ್ಲ. ಆಮೇಲೆ ಶಾಲೆಗೆ ಹೋದರು. ಯಾವ ಮಗು ಯಾವಾಗ ಶಾಲೆ ತಪ್ಪಿಸಿತು ಅನ್ನುವ ಹಾಜರಿಯನ್ನೂ ಧೂಳಿನ ಲೆಕ್ಕವನ್ನೂ ಜೊತೆಗಿಟ್ಟು ನೋಡಿದರು. ಒಂದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಲೆಕ್ಕ ಮಾಡುವ ಬಗೆ ಹೇಳಿಕೊಟ್ಟರು. ಆದರೆ ಓಡಾಡಿ, ಬರೆದು, ಕೂಡಿಸಿದವರು ಮನೆವಾರ್ತೆಯ ಹೆಂಗಸರೇ. 1965ರಲ್ಲಿ ತಾವೇ ಒಂದು ಚಿಕ್ಕ ಸಿನಿಮಾ ಕೂಡ ಮಾಡಿದರು. ಅದರ ಹೆಸರಿನ ಅರ್ಥ 'ನಮಗೆ ನೀಲಿ ಆಕಾಶ ಬೇಕು'.

ಇಲ್ಲಿ ಒಂದು ತೊಡಕು ಇತ್ತು. ಅದನ್ನು ಮುಚ್ಚಿಟ್ಟರೆ ಕಥೆ ಸುಳ್ಳಾಗುತ್ತದೆ. ಆ ಹೆಂಗಸರಲ್ಲಿ ಎಷ್ಟೋ ಜನರ ಗಂಡಂದಿರು ಅದೇ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದರು. ಅನ್ನ ಕೊಡುವ ಕಾರ್ಖಾನೆಯ ಮೇಲೆ ದೂರು ಹೇಳುವುದು ಹೇಗೆ? ಗಂಡನ ಕೆಲಸಕ್ಕೆ ಕುತ್ತು ಬಂದರೆ? ಸುಮ್ಮನಿದ್ದರೆ ಮಗುವಿನ ಎದೆ ಗೊರಗೊರ ಅನ್ನುತ್ತದೆ. ಮಾತಾಡಿದರೆ ಒಲೆ ಆರುವ ಹೆದರಿಕೆ. ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಅವರು ಕಾರ್ಖಾನೆ ಮುಚ್ಚಿ ಅನ್ನಲಿಲ್ಲ. ಹೊಗೆ ಕಡಿಮೆ ಮಾಡಿ ಅಂದರು. ಲೆಕ್ಕ ಮುಂದಿಟ್ಟರು. ಪತ್ರಿಕೆಗಳು ಬರೆದವು. ನಗರದ ಆಡಳಿತ ಕಾರ್ಖಾನೆಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಹೊಗೆಕೊಳವೆಗಳಿಗೆ ಧೂಳು ಹಿಡಿಯುವ ಯಂತ್ರ ಬಂತು. ಗಂಧಕ ಕಡಿಮೆ ಇರುವ ಇಂಧನ ಬಂತು. 1970ರ ದಶಕದಲ್ಲಿ ಕೊಲ್ಲಿಯ ತಳದ ಕೆಸರನ್ನು ತೆಗೆಸಿದರು. ಮೀನು ಮರಳಿ ಬಂದವು, ಈಗ ಅಲ್ಲಿ ನೂರಕ್ಕೂ ಹೆಚ್ಚು ಜಾತಿ ಇವೆ ಅನ್ನುತ್ತಾರೆ. ಇದೆಲ್ಲ ಒಂದು ದಿನದಲ್ಲಿ ಆಗಲಿಲ್ಲ. 1950ರಿಂದ ಎಣಿಸಿದರೆ ಮೂವತ್ತು ವರ್ಷವೇ ಹಿಡಿಯಿತು. ಹೆಂಗಸರಿಂದ ಮಾತ್ರ ಆಯಿತು ಅಂತಲೂ ನಾವು ಹೇಳುವುದಿಲ್ಲ. ಕಾನೂನು ಬಂತು, ಹಣ ಬಂತು, ಎಂಜಿನಿಯರುಗಳು ದುಡಿದರು. ಮೊದಲ ಲೆಕ್ಕ ಮಾತ್ರ ಹೆಂಗಸರದು.

ಆ ನಗರದಲ್ಲೂ ಕಾರ್ಖಾನೆಗಳ ಕಾಲ ತಿರುಗಿತು. ಒಮ್ಮೆ 10 ಲಕ್ಷಕ್ಕೂ ಹೆಚ್ಚು ಜನ ಇದ್ದರು, ಈಗ ಅದಕ್ಕಿಂತ ಕಡಿಮೆ. ಅಲ್ಲೂ ಹುಡುಗರು ದೊಡ್ಡ ನಗರಗಳಿಗೆ ಹೋದರು. 1901ರ ಕುಲುಮೆ ಇದ್ದ ಜಾಗದಲ್ಲಿ ಹಳೆಯದೊಂದು ಊದುಕುಲುಮೆಯನ್ನು ಕೆಡವದೆ ಉಳಿಸಿ, ಜನ ನೋಡಲು ಇಟ್ಟಿದ್ದಾರೆ.

ಮನೆಯಿಂದ ಮನೆಗೆ ಹೋಗುವ ಹಲಗೆ

ಜಪಾನಿನ ಕೇರಿಗಳಲ್ಲಿ ಇನ್ನೊಂದು ಪದ್ಧತಿ ಇದೆ. ಪ್ರತಿ ಕೇರಿಗೂ ಒಂದು ಸಂಘ ಇರುತ್ತದೆ. ಸಂಘದ ಸುದ್ದಿಯನ್ನು ಕಾಗದದಲ್ಲಿ ಬರೆದು ಒಂದು ಹಲಗೆಗೆ ಸಿಕ್ಕಿಸುತ್ತಾರೆ. ಕಸ ತೆಗೆಯುವ ದಿನ ಯಾವುದು, ಚರಂಡಿ ಶುಚಿ ಮಾಡುವುದು ಎಂದು, ಹಬ್ಬ ಯಾವಾಗ, ಇಂಥವು. ಮೊದಲ ಮನೆಯವರು ಓದಿ, ಗುರುತಿಗೆ ತಮ್ಮ ಮುದ್ರೆ ಒತ್ತಿ, ಪಕ್ಕದ ಮನೆಗೆ ಕೊಡುತ್ತಾರೆ. ಅವರು ಓದಿ ಮುಂದಿನ ಮನೆಗೆ. ಹೀಗೆ ಇಡೀ ಕೇರಿ ಸುತ್ತಿ ಬರುತ್ತದೆ. ಮೊಬೈಲು ಬಂದ ಮೇಲೂ ಎಷ್ಟೋ ಕಡೆ ಇದು ಉಳಿದಿದೆ.

ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಅಜ್ಜಿ ಕೇಳಿದರು: 'ಓದೋಕೆ ಬಾರದವರ ಮನೇಲಿ ಹಲಗೆ ನಿಂತು ಹೋಗಲ್ವಾ?' ನಾವು ಏನೂ ಹೇಳಲಿಲ್ಲ. ಅಜ್ಜಿಯೇ ನಕ್ಕು, 'ನಮ್ಮನೇಲಿ ನಿಲ್ಲಲ್ಲ ಬಿಡಿ ಇನ್ಮೇಲೆ' ಅಂದರು.

ನಮ್ಮ ನೀರಿನ ಪುಸ್ತಕ

ನಾವೂ ಒಂದು ಲೆಕ್ಕ ಇಡೋಣ ಅನ್ನಿಸಿತು. ನಮಗೆ ಮಸಿಗಿಂತ ನೀರಿನ ತಾಪತ್ರಯ ಹೆಚ್ಚು.

ಮೊದಲು ನಡೆದದ್ದನ್ನು ಹೇಳುತ್ತೇವೆ. ನಮ್ಮ ಬೀದಿಯ ಏಳೆಂಟು ಜನ ಒಂದು ಕಚೇರಿಗೆ ಹೋದೆವು. ಯಾವ ಕಚೇರಿ ಅನ್ನುವುದು ಇಲ್ಲಿ ಬೇಡ. 'ನಲ್ಲಿಯಲ್ಲಿ ನೀರು ಸರಿಯಾಗಿ ಬರುತ್ತಿಲ್ಲ' ಅಂದೆವು. ಅಲ್ಲಿದ್ದವರು ಕೇಳಿದರು: 'ಯಾವತ್ತು ಬಂದಿಲ್ಲ?' ಒಬ್ಬರು ಮಂಗಳವಾರ ಅಂದರು. ಇನ್ನೊಬ್ಬರು ಬುಧವಾರ ಅಂದರು. ಮತ್ತೊಬ್ಬರು 'ಯಾವತ್ತೂ ಬರಲ್ಲ ಸ್ವಾಮಿ' ಅಂದರು. ಅವರು ಕೈ ಆಡಿಸಿ ಕಳಿಸಿದರು. ಸಿಟ್ಟು ಬಂತು. ಆದರೆ ತಪ್ಪು ನಮ್ಮದೂ ಇತ್ತು. ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಒಂದು ನೋಟ್ ಪುಸ್ತಕ ತಂದೆವು. ನಾಲ್ಕು ಗೆರೆ ಎಳೆದೆವು. ತಾರೀಖು, ನೀರು ಬಂದ ಹೊತ್ತು, ನಿಂತ ಹೊತ್ತು, ಸಿಕ್ಕಿದ್ದು ಎಷ್ಟು ಕೊಡ. ಪುಸ್ತಕ ಒಂದು ವಾರ ಒಬ್ಬರ ಮನೆಯಲ್ಲಿ. ಆ ವಾರ ಅವರೇ ಮನೆಮನೆಗೆ ಹೋಗಿ ಕೇಳಿ ಬರೆಯಬೇಕು. ಮೊದಮೊದಲು ಅಂಕಿ ತಲೆಕೆಳಗಾಗುತ್ತಿತ್ತು. 6 ಬರೆಯುವ ಕಡೆ 9 ಬರೆದವರಿದ್ದಾರೆ. ಪರವಾಗಿಲ್ಲ, ತಿದ್ದಿಕೊಂಡರು.

ನಲವತ್ತು ದಿನ ಆಯಿತು. ಕೂತು ಓದಿದೆವು. ನೀರು ಬಿಡುವುದು ತಪ್ಪಿದ್ದು ನಾವು ಅಂದುಕೊಂಡಷ್ಟು ದಿನ ಇರಲಿಲ್ಲ! ಆದರೆ ಬೀದಿಯ ಮೇಲಿನ ಮನೆಗಳಿಗೆ ಹತ್ತು, ಹನ್ನೊಂದು ಕೊಡ. ಕೊನೆಯ ಮನೆಗಳಿಗೆ ಮೂರು. ಒಂದೇ ಪೈಪು, ಒಂದೇ ಹೊತ್ತು. ಯಾಕೆ ಹೀಗೆ?

ಎಲ್ಲರೂ ಸುಮ್ಮನಾದರು. ಕೊನೆಗೆ ತುದಿ ಮನೆಯ ಸೊಸೆ ಬಾಯಿ ಬಿಟ್ಟಳು. 'ಮೇಲಿನ ಮನೆಯವರು ಮೋಟಾರ್ ಹಾಕಿ ಎಳೀತಾರೆ.' ಹಾಗೆ ಮೋಟಾರ್ ಇದ್ದ ಇಬ್ಬರು ನಮ್ಮ ತರಗತಿಯವರೇ. ಅಲ್ಲೇ ಕೂತಿದ್ದರು. ಒಬ್ಬರು ಎದ್ದು ಹೋದರು. 'ಅಕ್ಷರ ಕಲಿಸ್ತೀವಿ ಅಂತ ಕರೆದು ಮರ್ಯಾದೆ ತೆಗೀತೀರಾ' ಅಂದರು. ಮೂರು ವಾರ ತರಗತಿಗೆ ಬರಲಿಲ್ಲ. ನಮಗೂ ನಿದ್ದೆ ಬರಲಿಲ್ಲ. ಅವರ ಕಷ್ಟವೂ ಸುಳ್ಳಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಮಾವ ಇದ್ದಾರೆ, ದಿನಕ್ಕೆ ಎರಡು ಸಲ ಹಾಸಿಗೆ ಬಟ್ಟೆ ಒಗೆಯಬೇಕು. ತೊಬಾತದ ಹೆಂಗಸರಿಗೆ ಗಂಡನ ಕಾರ್ಖಾನೆ ಇದ್ದ ಹಾಗೆ, ನಮಗೆ ಪಕ್ಕದ ಮನೆಯ ಅಕ್ಕ.

ಇಬ್ಬರು ಹಿರಿಯರು ಹೋಗಿ ಮಾತಾಡಿದರು. ಒಂದು ಒಪ್ಪಂದಕ್ಕೆ ಬಂದೆವು. ನೀರು ಬಿಟ್ಟ ಮೊದಲ ಅರ್ಧ ಗಂಟೆ ಯಾರೂ ಮೋಟಾರ್ ಹಾಕುವಂತಿಲ್ಲ. ಮಾವನವರ ಸಲುವಾಗಿ ಎದುರು ಮನೆಯವರು ದಿನಕ್ಕೆ ಎರಡು ಕೊಡ ಕೊಡುವುದು. ತುದಿ ಮನೆಗಳಿಗೆ ಈಗ ಆರು ಕೊಡ ಸಿಗುತ್ತಿದೆ. ಆರೇ, ಹತ್ತಲ್ಲ. ಕೊನೆಯಲ್ಲಿ ಪೈಪೇ ಸಣ್ಣದು. ಅದಕ್ಕೆ ಕಚೇರಿಯೇ ಆಗಬೇಕು.

ಹಾಗಾಗಿ ಮತ್ತೆ ಹೋದೆವು, ಈ ಸಲ ಅರ್ಜಿ ಹಿಡಿದು. ಅರ್ಜಿಯ ಮೇಲುಗಡೆ ತಾರೀಖು ಬರೆದೆವು. ಬೀದಿಯ ಹೆಸರು, ವಾರ್ಡು ಬರೆದೆವು. ಇಂಥ ದಿನದಿಂದ ಇಂಥ ದಿನದವರೆಗೆ ಇಷ್ಟು ಮನೆಗೆ ಇಷ್ಟೇ ಕೊಡ ನೀರು ಅಂತ ಪುಸ್ತಕ ನೋಡಿ ಬರೆದೆವು. ನಮಗೆ ಏನು ಬೇಕು ಅನ್ನುವುದನ್ನು ಒಂದೇ ಸಾಲಿನಲ್ಲಿ ಬರೆದೆವು: ತುದಿಯ ಪೈಪು ಬದಲಿಸಿ. ಹತ್ತೊಂಬತ್ತು ಜನ ರುಜು ಹಾಕಿದರು. ಹೆಬ್ಬೆಟ್ಟು ಒಂದೂ ಇರಲಿಲ್ಲ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮುದ್ರೆ, ತಾರೀಖು ಹಾಕಿಸಿಕೊಂಡು ತಂದೆವು. ಈ ಮುದ್ರೆ ಬಹಳ ಮುಖ್ಯ, ಮರೆಯಬೇಡಿ. ಅದಿಲ್ಲದಿದ್ದರೆ 'ನೀವು ಅರ್ಜಿ ಕೊಟ್ಟೇ ಇಲ್ಲ' ಅನ್ನಬಹುದು.

ಉತ್ತರ ಬಾರದಿದ್ದರೆ ಇನ್ನೊಂದು ದಾರಿ ಇದೆ. 2005ರ ಮಾಹಿತಿ ಹಕ್ಕು ಕಾಯಿದೆ. 'ನಮ್ಮ ಇಂಥ ತಾರೀಖಿನ ಅರ್ಜಿಯ ಮೇಲೆ ಏನು ಮಾಡಿದ್ದೀರಿ' ಅಂತ ಬರೆದು ಕೇಳಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು.

ಅರ್ಜಿ ಕೊಟ್ಟ ಮೇಲೆ ಒಬ್ಬರು ಬಂದು ಪೈಪು ಅಳೆದುಕೊಂಡು ಹೋಗಿದ್ದಾರೆ. ಹೊಸ ಪೈಪು ಇನ್ನೂ ಬಂದಿಲ್ಲ. ಅವರು ಬಂದ ತಾರೀಖನ್ನೂ ಪುಸ್ತಕದಲ್ಲಿ ಬರೆದಿದ್ದೇವೆ. ಮೊದಲ ಪುಸ್ತಕ ತುಂಬಿತು, ಈಗ ಎರಡನೆಯದು. ಎದ್ದು ಹೋಗಿದ್ದ ಅಕ್ಕ ತರಗತಿಗೆ ಮರಳಿ ಬಂದಿದ್ದಾರೆ. ಈ ವಾರ ಪುಸ್ತಕ ಅವರ ಮನೆಯಲ್ಲಿದೆ.